ಹಲಗೇರಿಯ ಸಹೋದರಿ ಕೇಳಿದ ಮಸಲೆ, ನಾವು ಕೇಳದ ಪ್ರಶ್ನೆ

ಶಅಬಾನ್ ತಿಂಗಳ ಕೊನೆಯ ವಾರ ನಾವು ಮನೆಯವರನ್ನು ಕರಕೊಂಡು ಹಲಗೇರಿಗೆ ಹೋಗಿದ್ದೆವು. ಹಲಗೇರಿ ಅಂದರೆ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕಿನ ಊರು. ಕರಾವಳಿಯಿಂದ ಹೋಗಿ ಆ ಕಡೆ ಅಂಗಡಿ ಇಟ್ಟುಕೊಂಡಿರುವ ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಅಲ್ಲಿನ ಮುಸ್ಲಿಮರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಆ ಕಡೆಯ ಕನ್ನಡ ಮಾತಾಡುತ್ತಾರೆ. ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜರತ್ ಅನ್ನುತ್ತಾರೆ. ಮಂಗಳೂರಿನಿಂದ ಹಜರತ್ ಬಂದಿದ್ದಾರೆ ಅಂತ ಗೊತ್ತಾದ ಮೇಲೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ರಂಝಾನಿನ ಮಸಲೆಗಳನ್ನು ಕೇಳತೊಡಗಿದರು.

ಒಬ್ಬ ಸಹೋದರಿ ಮಾತ್ರ ನಮ್ಮೆದುರಿಗೆ ಬರಲಿಲ್ಲ. ಒಳಗೆ ನಮ್ಮ ಮನೆಯವರ ಹತ್ತಿರ ಕೂತು, ಅವರ ಮೂಲಕ ಕೇಳಿಸಿದರು. ಎಂಟು ವರ್ಷದಿಂದ ಅವರಿಗೆ ಮುಟ್ಟು ಇಲ್ಲ. ಹೀಗಾಗಿ ರಂಝಾನಿನ ಒಂದು ಉಪವಾಸವನ್ನೂ ಬಿಡದೆ ಹಿಡಿಯುತ್ತಿದ್ದಾರೆ. ಆದರೆ ನೆರೆಮನೆಯ ಒಬ್ಬರು, "ಮುಟ್ಟಿನ ದಿನ ಲೆಕ್ಕ ಇಟ್ಕೊಂಡು ಬಿಡಬೇಕು, ಇಲ್ಲಾಂದ್ರ ರೋಜಾ ಆಗಂಗಿಲ್ಲ" ಅಂದಿದ್ದಾರಂತೆ. ಹಾಗಾದರೆ ಇಷ್ಟು ವರ್ಷದ ಉಪವಾಸ ಏನಾಯಿತು ಅಂತ ಅವರಿಗೆ ಭಯ.

ಮಸಲೆ ಸುಲಭದ್ದು. ರಕ್ತವೇ ಇಲ್ಲದ ಮೇಲೆ ಹೈಳ್ ಇಲ್ಲ, ಉಪವಾಸ ಸಿಂಧು, ನಮಾಝ್ ಕಡ್ಡಾಯ. ಹಾಗೇ ಹೇಳಿ ಕಳಿಸಿದೆವು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ನೀವು ಮಸಲೆಗೆ ಉತ್ತರ ಕೊಟ್ಟಿರಿ. ಅವರ ಪ್ರಾಯ ಎಷ್ಟು ಅಂತ ಕೇಳಿದಿರಾ?" ಅಂದರು. ಕೇಳಿರಲಿಲ್ಲ. ಆ ಸಹೋದರಿಗೆ ಈಗ 36. ಮುಟ್ಟು ನಿಂತದ್ದು 28ಕ್ಕೆ. ತಾನಾಗಿ ನಿಂತದ್ದಲ್ಲ, ಗರ್ಭಚೀಲ ತೆಗೆಸಿದ್ದು.

"ಹೊಟ್ಟಿ ನೋವಿತ್ತು, ಬಿಳಿ ಸೆರಗು ಹೋಗ್ತಿತ್ತು. ಹಂಗ ಬಿಟ್ರ ಕ್ಯಾನ್ಸರ್ ಆಗ್ತೈತಿ ಅಂದ್ರು. ಹೆಂಗೂ ಎರಡು ಮಕ್ಕಳದಾವಲ್ಲ, ಚೀಲ ಯಾಕ ಬೇಕು ಅಂದ್ರು. ನಮ್ಮ ಮನಿಯವ್ರು ಸಹಿ ಮಾಡಿದ್ರು." ಇಷ್ಟೇ ಅವರು ಹೇಳಿದ್ದು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಒಂದು ಸ್ಕ್ಯಾನಿಂಗ್ ಬಿಟ್ಟರೆ ಬೇರೆ ಪರೀಕ್ಷೆ ಆಗಿರಲಿಲ್ಲ. ಹೊಲಗಳಲ್ಲಿ ಬೀಜೋತ್ಪಾದನೆಯ ಕೆಲಸಕ್ಕೆ ಹೋಗುತ್ತಿದ್ದವರು ಈಗ ಸೊಂಟ ನೋವಿನಿಂದ ದಿನವಿಡೀ ಬಗ್ಗಲಾರರು. ರಾತ್ರಿ ಮೈ ಬಿಸಿಯೇರಿ ಬೆವೆತು ಎಚ್ಚರವಾಗುತ್ತದೆ. ಅದು ಜಿನ್ನಿನ ಕಾಟವೋ ಅಂತ ತಾವೀಝು ಕೂಡ ಕಟ್ಟಿಸಿದ್ದಾರೆ.

ಅವರು ಕೇಳಿದ ಮಸಲೆಗೆ ನಾವು ಉತ್ತರ ಕೊಟ್ಟೆವು. ಆದರೆ ಆ ಆಪರೇಷನ್ ಬೇಕಿತ್ತಾ ಎಂಬ ಪ್ರಶ್ನೆಯನ್ನು ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾವೂ ಕೇಳಲಿಲ್ಲ. ಅದಕ್ಕಾಗಿಯೇ ಈ ಲೇಖನ.

ರಾಣೆಬೆನ್ನೂರಿನ ಹೆಣ್ಣುಮಕ್ಕಳು

ಇದು ಒಬ್ಬ ಸಹೋದರಿಯ ಕತೆಯಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯ ಇರಲಿಲ್ಲ. ಅದೇ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವೇ ವರ್ಷಗಳಲ್ಲಿ 1522 ಮಂದಿ ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಗಿದೆ ಎಂಬ ಸಂಗತಿ ಹೊರಬಿದ್ದು, ರಾಜ್ಯದ ಪತ್ರಿಕೆಗಳೆಲ್ಲ ಬರೆದವು. ಅನಗತ್ಯವಾಗಿ ತೆಗೆದಿದ್ದಾರೆ ಎಂಬುದು ಆ ಮಹಿಳೆಯರ ದೂರು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಕೂಲಿ ಮಾಡಿ ಬದುಕುವವರು. ಹೊಟ್ಟೆ ನೋವು ಅಂತ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಆಪರೇಷನ್ ಮಾಡಿದರು ಅಂತ ಅವರು ಹೇಳಿದರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದರು. ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ ಶಿಗ್ಗಾವಿಯ ಅವರ ಮನೆಯ ಕಡೆಗೆ ಪಾದಯಾತ್ರೆಯನ್ನೂ ಹೊರಟರು. ಸೊಂಟ ನೋವು ಅಂತ ಕೂಲಿಗೆ ಹೋಗಲಾಗದವರು ನ್ಯಾಯಕ್ಕಾಗಿ ಹೆದ್ದಾರಿಯಲ್ಲಿ ನಡೆಯಬೇಕಾಯಿತು.

ಅದಕ್ಕೂ ಮೊದಲು 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಇದೇ ದೂರು ಎದ್ದಿತ್ತು. ಅಲ್ಲಿಯೂ ಲಂಬಾಣಿ, ದಲಿತ ಹೆಣ್ಣುಮಕ್ಕಳೇ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷದಲ್ಲಿ 4605 ಇಂಥ ಆಪರೇಷನ್ ಆಗಿವೆ ಅಂತ 2019ರಲ್ಲಿ ಅಲ್ಲಿನ ವಿಧಾನಮಂಡಲದಲ್ಲೇ ಹೇಳಲಾಯಿತು. ಕಬ್ಬು ಕಡಿಯಲು ಹೋಗುವ ಹೆಂಗಸರು ಮುಟ್ಟಿನ ದಿನ ಕೆಲಸ ತಪ್ಪಿಸಿದರೆ ದಂಡ ಬೀಳುತ್ತದೆ, ಅದಕ್ಕೆ ಚೀಲವನ್ನೇ ತೆಗೆಸಿಬಿಡುವುದು ಅಲ್ಲಿ ರೂಢಿಯಾಗಿತ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಬಡವರ ವಿಮೆ ಯೋಜನೆಯ ಹಣಕ್ಕಾಗಿ ಗರ್ಭಕೋಶ ತೆಗೆದಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರಲ್ಲಿ ಹಾಕಿದ ಆ ಅರ್ಜಿಯ ತೀರ್ಪು ಬಂದದ್ದು 2023ರ ಏಪ್ರಿಲ್ 5ರಂದು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು, ಇಂಥ ಆಪರೇಷನ್‌ಗಳ ಮೇಲೆ ಕಣ್ಣಿಡಲು ಸಮಿತಿಗಳು ಇರಬೇಕು ಅಂತ ಕೋರ್ಟ್ ಹೇಳಿತು.

ಬೇರೆ ದೇಶಗಳಲ್ಲೂ ಬಡ ಹೆಣ್ಣಿನ ಶರೀರದ ಬಗ್ಗೆ ಬೇರೆಯವರೇ ತೀರ್ಮಾನ ಮಾಡಿದ ಉದಾಹರಣೆ ಇದೆ. ದಕ್ಷಿಣ ಅಮೆರಿಕದ ಪೆರುವಿನಲ್ಲಿ 1996ರಿಂದ 2000ದ ನಡುವೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಸಂತಾನಶಕ್ತಿ ಹರಣದ ಆಪರೇಷನ್ ಮಾಡಿದರು. ಬಹಳ ಮಂದಿಗೆ ಏನು ಮಾಡುತ್ತಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಅವರು ಬೆಟ್ಟದ ಹಳ್ಳಿಗಳ ಮೂಲನಿವಾಸಿ ಹೆಂಗಸರು. ನಮ್ಮ ಲಂಬಾಣಿ ಸಹೋದರಿಯರ ಹಾಗೆ, ನಗರದ ಭಾಷೆ ಬಾರದವರು.

ಇದು ನಮ್ಮ ಮನೆಯ ವಿಷಯವೂ ಹೌದು

ನಮ್ಮ ಓದುಗರು ಕೇಳಬಹುದು: ಉಸ್ತಾದರೇ, ಇದು ಉತ್ತರ ಕರ್ನಾಟಕದ ಕತೆ. ನಮ್ಮ ಕಡೆ ಹೆಜ್ಜೆಗೊಂದು ಆಸ್ಪತ್ರೆ ಇದೆ, ಮಕ್ಕಳು ಓದಿದ್ದಾರೆ, ನಮಗೇನು?

ಸ್ವಲ್ಪ ನೆನಪು ಮಾಡಿಕೊಳ್ಳಿ. ಮದುವೆ ಮನೆಯಲ್ಲಿ, ಮೌಲಿದ್ ಮಜ್ಲಿಸಿನಲ್ಲಿ ಹೆಂಗಸರು ಕೂತಲ್ಲಿ ಎಷ್ಟು ಸಲ ಈ ಮಾತು ಬರುತ್ತದೆ: "ನಾನು ತೆಗೆಸಿಬಿಟ್ಟೆ, ಈಗ ಒಳ್ಳೆ ನಿರಾಳ. ನೀನೂ ತೆಗೆಸು, ಮಕ್ಕಳಾಯಿತಲ್ಲ." ಉಮ್ರಾಕ್ಕೆ ಹೋಗುವ ಮುಂಚೆ ತೆಗೆಸಿದವರು ಇದ್ದಾರೆ. ಗಂಡ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾರೆ, ಅವರು ಇರುವಾಗಲೇ ಮುಗಿಸಿಬಿಡೋಣ ಅಂತ ಅವಸರ ಮಾಡಿದವರು ಇದ್ದಾರೆ. ಅಲ್ಲಿ ತಾಂಡಾದ ಹೆಂಗಸಿಗೆ ಕೂಲಿ ತಪ್ಪುವ ಭಯವಾದರೆ, ಇಲ್ಲಿ ನಮ್ಮ ಸಹೋದರಿಯರಿಗೆ ಪದೇ ಪದೇ ಡಾಕ್ಟರಲ್ಲಿ ಹೋಗಿ ಆ ವಿಷಯ ಮಾತಾಡುವ ನಾಚಿಕೆ. ಕಾರಣ ಬೇರೆ ಬೇರೆ, ಚೀಲ ಹೋಗುವುದು ಒಂದೇ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇವೆ. ಎರಡು ಮಕ್ಕಳ ನಡುವೆ ಅಂತರ ಇಡಲು ಕಾಪರ್ ಟಿ ಹಾಕಿಸಬಹುದಾ ಅಂತ ನಮ್ಮಲ್ಲಿ ಎಷ್ಟೋ ಗಂಡಸರು ಬಂದು ಕೇಳುತ್ತಾರೆ. ಒಳ್ಳೆಯದೇ, ಕೇಳಬೇಕು. ಸಹಾಬಿಗಳ ಕಾಲದಲ್ಲೇ ಅಝ್ಲ್ ಇತ್ತು. ಅದಕ್ಕೆ ಪತ್ನಿಯ ಒಪ್ಪಿಗೆ ಬೇಕು ಅಂತ ಹಲವು ಫುಖಹಾಗಳು ಹೇಳಿದ್ದಾರೆ. ತಕ್ಕ ಕಾರಣವಿಲ್ಲದೆ ಶಾಶ್ವತವಾಗಿ ಸಂತಾನ ನಿಲ್ಲಿಸುವುದು ಸರಿಯಲ್ಲ ಎಂಬುದು ಹೆಚ್ಚಿನ ಉಲಮಾಗಳ ನಿಲುವು, ಜೀವಕ್ಕೆ ಅಪಾಯವಿದ್ದರೆ ಬೇರೆ ಮಾತು. ಇದೆಲ್ಲ ನಮಗೆ ಗೊತ್ತು, ಚರ್ಚೆ ಮಾಡುತ್ತೇವೆ. ಆದರೆ ಇಡೀ ಗರ್ಭಕೋಶವನ್ನೇ ತೆಗೆಸಲು ಹೊರಟವರು ಒಬ್ಬರಾದರೂ ಬಂದು, ಇದು ನಿಜವಾಗಿ ಝರೂರತ್ತೇ ಅಂತ ಕೇಳಿದ್ದು ನಮಗೆ ನೆನಪಿಲ್ಲ. ಸಣ್ಣದಕ್ಕೆ ಫತ್ವಾ ಕೇಳುತ್ತೇವೆ, ದೊಡ್ಡದಕ್ಕೆ ಸಹಿ ಹಾಕಿಬಿಡುತ್ತೇವೆ.

ಶರೀರ ಅಲ್ಲಾಹನು ಕೊಟ್ಟ ಅಮಾನತ್ತು. ಕಾಯಿಲೆಗೆ ಮದ್ದು ಮಾಡಿಸುವುದು ಸುನ್ನತ್ತು. ಅಗತ್ಯಬಿದ್ದರೆ ಅಂಗ ತೆಗೆಸಲೂ ಅನುಮತಿ ಇದೆ. ಅಗತ್ಯ ಇದೆಯೋ ಇಲ್ಲವೋ ಎಂಬುದನ್ನು ತಿಳಿದುಕೊಳ್ಳುವುದು ಮಾತ್ರ ನಮ್ಮ ಮೇಲಿನ ಹೊಣೆ.

ಚೀಲ ತೆಗೆದರೆ ಏನಾಗುತ್ತದೆ?

ನಾವು ಡಾಕ್ಟರಲ್ಲ. ಹಲಗೇರಿಯಿಂದ ಬಂದ ಮೇಲೆ ತಿಳಿದವರಲ್ಲಿ ಕೇಳಿ, ಓದಿ ಅರ್ಥಮಾಡಿಕೊಂಡದ್ದನ್ನು ಸರಳವಾಗಿ ಹೇಳುತ್ತೇವೆ.

ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳು ಖಂಡಿತ ಇವೆ. ಗರ್ಭಕೋಶದ ಕ್ಯಾನ್ಸರ್, ಮದ್ದಿಗೆ ಬಗ್ಗದ ರಕ್ತಸ್ರಾವ, ತುಂಬ ದೊಡ್ಡದಾಗಿ ತೊಂದರೆ ಕೊಡುವ ಗಡ್ಡೆ, ಗರ್ಭಕೋಶ ಕೆಳಗೆ ಜಾರುವುದು, ಹೆರಿಗೆ ಸಮಯದಲ್ಲಿ ನಿಲ್ಲದ ರಕ್ತ. ಇಂಥ ಹೊತ್ತಿನಲ್ಲಿ ಆಪರೇಷನ್ ಜೀವ ಉಳಿಸುತ್ತದೆ. ಈ ಲೇಖನ ಓದಿ ಯಾರೂ ಬೇಕಾದ ಆಪರೇಷನ್ ಮುಂದೂಡಬಾರದು.

ಆದರೆ ಬಿಳಿ ಸೆರಗು ಹೆಚ್ಚಾಗಿ ಸೋಂಕಿನಿಂದ ಬರುವುದು, ಅದಕ್ಕೆ ಮಾತ್ರೆ ಇದೆ. ಕೆಲವೊಮ್ಮೆ ಗಂಡನಿಗೂ ಜೊತೆಯಲ್ಲಿ ಮದ್ದು ಬೇಕಾಗುತ್ತದೆ. ಸ್ವಲ್ಪ ಬಿಳಿ ಹೋಗುವುದು ಕಾಯಿಲೆಯೇ ಅಲ್ಲ. ಅತಿ ರಕ್ತಸ್ರಾವಕ್ಕೂ ಮೊದಲು ಮಾತ್ರೆ, ಆಮೇಲೆ ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ, ಹೀಗೆ ಬೇರೆ ಬೇರೆ ದಾರಿಗಳಿವೆ. ಗಡ್ಡೆ ಇದ್ದರೆ ಗಡ್ಡೆ ಮಾತ್ರ ತೆಗೆಯುವುದೂ ಸಾಧ್ಯ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡಿತು ಅಂದ ತಕ್ಷಣ ಅದು ಕ್ಯಾನ್ಸರ್ ಅಲ್ಲ. ಗರ್ಭಕೋಶದ ಗಡ್ಡೆಗಳಲ್ಲಿ ಬಹುತೇಕ ಎಲ್ಲವೂ ಕ್ಯಾನ್ಸರಲ್ಲದವು. ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಪ್ಯಾಪ್ ಸ್ಮಿಯರ್, ಬಯಾಪ್ಸಿ ಎಂಬ ಪರೀಕ್ಷೆಗಳಿವೆ. ಪರೀಕ್ಷೆ ಮಾಡದೆ ಕ್ಯಾನ್ಸರ್ ಆಗುತ್ತದೆ ಅಂದರೆ ಅದು ಊಹೆ.

ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ, 28ರ ಹೆಣ್ಣಿಗೆ ಒಂದೇ ದಿನದಲ್ಲಿ 48ರ ಹೆಣ್ಣಿನ ಸ್ಥಿತಿ ಬರುತ್ತದೆ. ಮೈ ಬಿಸಿಯೇರುವುದು, ನಿದ್ದೆ ಹಾಳಾಗುವುದು, ಸಿಟ್ಟು, ಬೇಸರ. ಮುಂದೆ ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಅಪಾಯ ಹೆಚ್ಚುವುದು. ಅಂಡಾಶಯ ಉಳಿಸಿದರೂ ಕೆಲವರಿಗೆ ಅವು ಬೇಗ ಕೆಲಸ ನಿಲ್ಲಿಸುತ್ತವೆ. ಹಲಗೇರಿಯ ಸಹೋದರಿಯ ರಾತ್ರಿಯ ಬೆವರಿನ ಹಿಂದೆ ಇದೇ ಇರಬಹುದು. ನಮ್ಮ ಮನೆಯವರು ಅವರಿಗೆ ಅದನ್ನೇ ಹೇಳಿ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು ಒಪ್ಪಿಸಿ ಬಂದರು.

ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ಮೂವರಿಗೆ ಗರ್ಭಕೋಶ ಇಲ್ಲ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿ ಅದು ನೂರಕ್ಕೆ ಎಂಟರ ಆಸುಪಾಸು. ಗಡಿ ದಾಟಿದ ಕೂಡಲೇ ಹೆಣ್ಣಿನ ಶರೀರ ಬದಲಾಗುವುದಿಲ್ಲ. ಬದಲಾಗುವುದು ಆಪರೇಷನ್ ಮಾಡುವ, ಮಾಡಿಸಿಕೊಳ್ಳುವ ರೂಢಿ.

ಸಹಿ ಯಾರದು?

ಹಲಗೇರಿಯಲ್ಲಿ ಗಂಡ ಸಹಿ ಮಾಡಿದರು. ನಮ್ಮ ಕಡೆಯೂ ಹಾಗೇ. ಗಂಡ ಇಲ್ಲದಿದ್ದರೆ ಉಪ್ಪ, ಇಲ್ಲದಿದ್ದರೆ ಅಣ್ಣ. ಕಾನೂನು ಏನು ಹೇಳುತ್ತದೆ ನೋಡಿ.

1995ರಲ್ಲಿ ದೆಹಲಿಯಲ್ಲಿ ಒಬ್ಬ ಅವಿವಾಹಿತ ಮಹಿಳೆ ಅತಿ ರಕ್ತಸ್ರಾವ ಅಂತ ಡಾಕ್ಟರ ಹತ್ತಿರ ಹೋದರು. ಆಗ ಅವರಿಗೆ 44 ವರ್ಷ. ಪರೀಕ್ಷೆಗಾಗಿ ಅರಿವಳಿಕೆ ಕೊಟ್ಟರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗೆ ಇದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಮೀರಾ ಕೊಹ್ಲಿ ಪ್ರಕರಣ ಅಂತಲೇ ಅದು ಪ್ರಸಿದ್ಧ. 2008ರ ಜನವರಿ 16ರಂದು ಬಂದ ತೀರ್ಪಿನ ತಿರುಳು ಇಷ್ಟು: ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗುವುದಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಆಗುವುದಿಲ್ಲ. ಕೂಡಲೇ ಮಾಡದಿದ್ದರೆ ಜೀವಕ್ಕೇ ಅಪಾಯ ಎಂಬಂಥ ಹೊತ್ತು ಮಾತ್ರ ಬೇರೆ. ಕಾಯಿಲೆ ಏನು, ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿದ ಮೇಲೆಯೇ ಒಪ್ಪಿಗೆ ಪಡೆಯಬೇಕು.

ಗಂಡ ಜೊತೆಗಿರಲಿ, ಸಮಾಲೋಚನೆ ಮಾಡಲಿ. ಶೂರಾ ನಮ್ಮ ದೀನಿನ ಭಾಗ. ಆದರೆ ಕತ್ತರಿ ಬೀಳುವುದು ಅವಳ ಹೊಟ್ಟೆಯ ಮೇಲೆ. ಅವಳಿಗೆ ಗೊತ್ತಾಗಬೇಕು, ಅವಳು ಹೂಂ ಅನ್ನಬೇಕು.

1994ರಲ್ಲಿ ಈಜಿಪ್ಟಿನ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ನಡೆದಾಗ 179 ದೇಶಗಳು ಸೇರಿ ಈ ಮಾತನ್ನೇ ಬರೆದುಕೊಂಡವು: ಈ ವಿಷಯಗಳಲ್ಲಿ ಬಲವಂತ ಕೂಡದು, ಮಾಹಿತಿ ಕೊಡಬೇಕು, ತೀರ್ಮಾನ ದಂಪತಿಯದು ಮತ್ತು ವ್ಯಕ್ತಿಯದು. ಅಲ್ಲಿನ ಎಲ್ಲ ವಾಕ್ಯಗಳನ್ನೂ ಮುಸ್ಲಿಂ ದೇಶಗಳು ಒಪ್ಪಲಿಲ್ಲ, ನಾವೂ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಹೆಣ್ಣನ್ನು ಹೆದರಿಸಿ ಅವಳ ಅಂಗ ತೆಗೆಯಬಾರದು ಎಂಬುದಕ್ಕೆ ಯಾವ ಮುಸ್ಲಿಮನ ಆಕ್ಷೇಪ ಇದ್ದೀತು?

ನಾಚಿಕೆ ಎಲ್ಲಿ ಇರಬೇಕು

ಮದ್ರಸದಲ್ಲಿ ಹೈಳ್, ಇಸ್ತಿಹಾಳದ ಪಾಠ ಬಂದಾಗ ನಮ್ಮಲ್ಲಿ ಹಲವರು ಬೇಗ ಬೇಗ ಓದಿಸಿ ಪುಟ ತಿರುಗಿಸುತ್ತೇವೆ. ನಾವೂ ಹಾಗೆ ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇವೆ. ಆದರೆ ಮದೀನದಲ್ಲಿ ಹೇಗಿತ್ತು? ಫಾತಿಮಾ ಬಿಂತ್ ಅಬೀ ಹುಬೈಶ್ (ರ) ತಮಗೆ ರಕ್ತ ನಿಲ್ಲುವುದೇ ಇಲ್ಲ, ನಮಾಝ್ ಬಿಟ್ಟುಬಿಡಲೇ ಅಂತ ಪ್ರವಾದಿಯವರ (ಸ) ಬಳಿಗೇ ಬಂದು ಕೇಳಿದರು. ಅದು ಮುಟ್ಟಲ್ಲ, ನರದಿಂದ ಬರುವ ರಕ್ತ ಅಂತ ಪ್ರವಾದಿಯವರು (ಸ) ಅವರಿಗೆ ಬಿಡಿಸಿ ಹೇಳಿದರು. ಅನ್ಸಾರಿ ಮಹಿಳೆಯರಿಗೆ ದೀನಿನ ಜ್ಞಾನ ಪಡೆಯಲು ನಾಚಿಕೆ ಅಡ್ಡ ಬರಲಿಲ್ಲ ಅಂತ ಆಯಿಶಾ (ರ) ಅವರನ್ನು ಹೊಗಳಿದ್ದಾರೆ. ಆ ಪ್ರಶ್ನೆಗಳನ್ನು ಅವರು ಕೇಳಿದ್ದರಿಂದಲೇ ಇಂದು ನಮ್ಮ ಫಿಖ್ಹ್ ಗ್ರಂಥಗಳಲ್ಲಿ ಒಂದು ಅಧ್ಯಾಯವೇ ಇದೆ.

ಶಾಫಿಈ ಮದ್ಹಬಿನಲ್ಲಿ ಹೈಳ್ ಹೆಚ್ಚೆಂದರೆ 15 ದಿನ, ಹನಫಿಯಲ್ಲಿ 10 ದಿನ. ಅದು ದಾಟಿದರೆ ಇಸ್ತಿಹಾಳ, ಅಂದರೆ ಸಹಜವಲ್ಲದ ರಕ್ತ. ನಮಾಝಿಗಾಗಿ ದಿನಗಳನ್ನು ಲೆಕ್ಕ ಇಡಲು ಕಲಿತ ಹೆಣ್ಣುಮಗಳು ಡಾಕ್ಟರೆದುರು ಕೂತಾಗ, "ಮೂರು ತಿಂಗಳಿಂದ ಇಂತಿಷ್ಟು ದಿನ ಹೋಗುತ್ತಿದೆ" ಅಂತ ಸ್ಪಷ್ಟವಾಗಿ ಹೇಳಬಲ್ಲಳು. ಡಾಕ್ಟರಿಗೂ ಅದೇ ಬೇಕಾದದ್ದು. ಲೆಕ್ಕ ಹೇಳುವವಳನ್ನು ಹೆದರಿಸುವುದು ಅಷ್ಟು ಸುಲಭವಲ್ಲ.

ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಲು ಹೇಳಿದರೆ ಈ ಪ್ರಶ್ನೆಗಳನ್ನು ಕೇಳಿ:

1. ನನಗಿರುವ ಕಾಯಿಲೆಯ ಹೆಸರೇನು? ಚೀಟಿಯಲ್ಲಿ ಬರೆದು ಕೊಡಿ.
2. ಕ್ಯಾನ್ಸರ್ ಅಂತ ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?
3. ಮದ್ದಿನಲ್ಲಿ ಗುಣವಾಗುವುದಿಲ್ಲವೇ? ಬೇರೆ ದಾರಿ ಏನಿದೆ?
4. ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ?
5. ಒಂದು ತಿಂಗಳು ತಡ ಮಾಡಿದರೆ ಏನಾಗುತ್ತದೆ?

ತುರ್ತು ಅಲ್ಲ ಅಂತಾದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಮಂಗಳೂರಿನವರಿಗೆ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಇರುವ ನಮ್ಮವರು ಹಾವೇರಿಯ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್‌ಗೋ ಹೋಗಬಹುದು. ಸ್ಕ್ಯಾನಿಂಗ್, ಡಿಸ್ಚಾರ್ಜ್ ಚೀಟಿ ಯಾವುದನ್ನೂ ಬಿಸಾಡಬೇಡಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮವೇ ಇದೆ. ಅನ್ಯಾಯವಾಗಿದೆ ಅನಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಜಮಾಅತಿನವರಲ್ಲಿ ಒಂದು ಮನವಿ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಮಾಡುತ್ತೀರಿ, ಮಾಶಾ ಅಲ್ಲಾಹ್. ಈ ಸಲ ಮಹಿಳೆಯರಿಗಾಗಿ ಒಬ್ಬ ಲೇಡಿ ಡಾಕ್ಟರನ್ನು ಮದ್ರಸಕ್ಕೆ ಕರೆಸಿ. ಬಾಗಿಲು ಮುಚ್ಚಿ ಅವರವರೇ ಮಾತಾಡಿಕೊಳ್ಳಲಿ. ನಮ್ಮ ಮದ್ರಸದಲ್ಲಿ ದೊಡ್ಡ ಹೆಣ್ಣುಮಕ್ಕಳಿಗೆ ಆ ಪಾಠವನ್ನು ಇನ್ನು ಮುಂದೆ ನಮ್ಮ ಮನೆಯವರೇ ಮಾಡುತ್ತಾರೆ. ಪುಟ ತಿರುಗಿಸುವ ಅವಸರ ಅವರಿಗಿಲ್ಲ.

ಹಲಗೇರಿಯಿಂದ ಹೊರಡುವ ದಿನ ಆ ಸಹೋದರಿ ನಮ್ಮ ಮನೆಯವರ ಕೈಗೆ ಒಂದು ಪೊಟ್ಟಣ ಬ್ಯಾಡಗಿ ಮೆಣಸು ಕೊಟ್ಟರಂತೆ. ಕೊಡುವಾಗ, "ನನ್ನ ಮಗಳು ಹದಿನಾರಕ್ಕ ಬಿದ್ದಾಳ, ಅಕಿಗೆ ಹಿಂಗಾಗಬಾರದು" ಅಂದರಂತೆ. ಆ ಮಗಳಿಗೂ, ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಅಲ್ಲಾಹನು ಆರೋಗ್ಯ ಕೊಡಲಿ, ಕೇಳುವ ಧೈರ್ಯವನ್ನೂ ಕೊಡಲಿ. ಆಮೀನ್.